ಹತ್ತು ಬೈ ಹನ್ನೆರಡರ ಖೋಲಿಗೆ 5.1: ನಾನು ಸ್ಪೀಕರ್ ಆರಿಸಿದ ಬಗೆ

ನನ್ನ ಕಂಪ್ಯೂಟರ್ ಇರುವ ಖೋಲಿ 10 ಅಡಿ ಅಗಲ, 12 ಅಡಿ ಉದ್ದ. ಎತ್ತರವೂ 10 ಅಡಿ. ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆಯ ಹಳೆ ಮನೆಗಳಲ್ಲಿ ಇಂಥ ಖೋಲಿಗಳು ಬೇಕಾದಷ್ಟು: ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ಸಿಮೆಂಟ್ ಗಿಲಾವು, ಕೆಳಗೆ ಶಹಾಬಾದ್ ಫರಸಿ. ಒಂದು ಗೋಡೆಗೆ ಮೇಜು, ಎದುರಿನ ಗೋಡೆಗೆ ಮಂಚ, ಎಡಗಡೆ ಒಂದು ತಿಜೋರಿ. ಬಾಗಿಲು ಮಂಚದ ಪಕ್ಕ, ಹಿಂದಿನ ಗೋಡೆಯಲ್ಲಿ.

ಇಷ್ಟೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ಸರೌಂಡ್ ಸ್ಪೀಕರ್, ಅಂದರೆ ಸುತ್ತಲಿಂದ ಸದ್ದು ಕೊಡುವ ಸ್ಪೀಕರ್ ಸೆಟ್ಟು, ತಗೊಳ್ಳಬೇಕು ಅಂತ ಬರುವ ಗೆಳೆಯರು ನನ್ನನ್ನು ಕೇಳುವುದು "ಯಾವ ಕಂಪನಿದು ಛಲೋ ಅದ?" ಅಂತ. ನಾನು ತಿರುಗಿ ಕೇಳುವುದು "ಹಿಂದಿನ ಎರಡು ಸ್ಪೀಕರ್ ಎಲ್ಲಿ ಇಡ್ತೀರಿ?" ಅಂತ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಸೆಟ್ಟು, ಎಷ್ಟು ದೊಡ್ಡದು, ತಂತಿ ಎಷ್ಟು ಉದ್ದ ಬೇಕು, ಅಸಲಿಗೆ ಸರೌಂಡ್ ಬೇಕೋ ಬೇಡವೋ ಎಲ್ಲವೂ ಒಂದೊಂದಾಗಿ ಬಗೆಹರಿಯುತ್ತ ಹೋಗುತ್ತದೆ. ಉತ್ತರ ಸಿಗದಿದ್ದರೆ ಎಷ್ಟು ದುಡ್ಡು ಸುರಿದರೂ ಮನೆಯಲ್ಲಿ ಆರು ಡಬ್ಬಿ ಇರುತ್ತವೆ, ಸರೌಂಡ್ ಇರುವುದಿಲ್ಲ.

ನಮ್ಮ ಮನೆಯಲ್ಲಿ ಬೇಕಾಗಿದ್ದದ್ದು ಮೂವರಿಗೆ ಮೂರು ತೆರ. ನನಗೆ ರಾತ್ರಿ ಊಟವಾದ ಮೇಲೆ ಸಿನಿಮಾ. ಅಣ್ಣನ ಮಗನಿಗೆ ಗೇಮು. ಹಿಂದೆ ಯಾರೋ ಬರುತ್ತಿದ್ದರೆ ಎಡಕ್ಕೋ ಬಲಕ್ಕೋ ಅಂತ ಅವನಿಗೆ ಹೆಜ್ಜೆ ಸಪ್ಪಳದಲ್ಲೇ ಗೊತ್ತಾಗಬೇಕು. ಅಪ್ಪನಿಗೆ ಬೆಳಗಿನ ಹೊತ್ತು ಹಿಂದೂಸ್ತಾನಿ ಗಾಯನ, ವಚನ, ತತ್ವಪದ. ಮೊದಲ ಎರಡಕ್ಕೆ ಸರೌಂಡ್ ಬೇಕು. ಮೂರನೆಯದಕ್ಕೆ ಬೇಡವೇ ಬೇಡ, ಅದರ ಮಾತು ಮುಂದೆ ಬರುತ್ತದೆ.

ಅಂಗಡಿಗೆ ಹೋಗುವ ಮುಂಚೆ ನಾನು ಮಾಡಿದ ಮೊದಲ ಕೆಲಸ, ನುಡಿಸಲು ನಮ್ಮಲ್ಲಿ 5.1 ಆಡಿಯೊ ಇದೆಯೇ ಅಂತ ನೋಡಿದ್ದು. 5.1 ಅಂದರೆ ಮುಂದೆ ಎಡ, ನಡು, ಬಲ. ಹಿಂದೆ ಎಡ, ಬಲ. ಇವು ಐದು ಪೂರ್ತಿ ಚಾನೆಲ್, ಅಂದರೆ ಒಂದೊಂದು ಸ್ಪೀಕರಿಗೆ ಹೋಗುವ ಬೇರೆ ಬೇರೆ ಸದ್ದು. ಉಳಿದ ಆ ".1" ಬರೀ ತಗ್ಗಿನ ಸದ್ದಿಗೆ ಮೀಸಲು, ಡಾಲ್ಬಿ ಡಿಜಿಟಲ್ ಅನ್ನುವ ಸಿನಿಮಾ ಸದ್ದಿನ ಪದ್ಧತಿಯಲ್ಲಿ ಅದು 120 ಹರ್ಟ್ಸ್‌ಗಿಂತ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ; ಅಂಕಿ ಕಡಿಮೆಯಾದಷ್ಟು ಸದ್ದು ತಗ್ಗಿನದು) ಮೇಲೆ ಹೋಗುವುದಿಲ್ಲ. ಡಾಲ್ಬಿ ಡಿಜಿಟಲ್ ಚಿತ್ರಮಂದಿರಕ್ಕೆ ಬಂದದ್ದು 1992ರಲ್ಲಿ, ಅಂಥದೇ ಇನ್ನೊಂದು ಪದ್ಧತಿಯಾದ ಡಿಟಿಎಸ್ 1993ರಲ್ಲಿ. ಆಮೇಲೆ ಡಿವಿಡಿಯ ಮೂಲಕ ಮನೆಗೂ ಬಂತು. ಹೀಗೆ ಆರು ಚಾನೆಲ್ ಬೇರೆ ಬೇರೆಯಾಗಿ ತುಂಬಿದ ಕಡತ ಇದ್ದರೆ ಮಾತ್ರ ಹಿಂದಿನ ಸ್ಪೀಕರ್‌ಗೆ ತನ್ನದೇ ಕೆಲಸ ಇರುತ್ತದೆ.

ನೋಡುವುದು ಸುಲಭ. ವಿಎಲ್‌ಸಿ ಪ್ಲೇಯರಿನಲ್ಲಿ ಸಿನಿಮಾ ಹಚ್ಚಿ ಕೋಡೆಕ್ ಮಾಹಿತಿ ತೆರೆದರೆ ಚಾನೆಲ್ ಅನ್ನುವ ಸಾಲಿನಲ್ಲಿ "3ಎಫ್2ಆರ್/ಎಲ್‌ಎಫ್‌ಇ" ಅಂತ ಬಂದರೆ ಅದು 5.1: ಮುಂದೆ ಮೂರು, ಹಿಂದೆ ಎರಡು, ಜೊತೆಗೆ ತಗ್ಗಿನದು. "ಸ್ಟೀರಿಯೊ" ಅಂತ ಬಂದರೆ ಎರಡೇ. ಬ್ರೌಸರಿನಲ್ಲಿ ನಾವು ನೋಡುವ ವಿಡಿಯೊಗಳಲ್ಲಿ ಬಹುಪಾಲು ಎರಡು ಚಾನೆಲ್ಲಿನವೇ. ಒಟಿಟಿಯಲ್ಲಿ 5.1 ಅಂತ ಬರೆದಿದ್ದರೂ ಯಾವ ಬ್ರೌಸರ್, ಯಾವ ಆಪ್, ಯಾವ ಪ್ಲಾನ್ ಅನ್ನುವುದರ ಮೇಲೆ ಅದು ಎರಡಕ್ಕೆ ಇಳಿದುಬಿಡಬಹುದು. ಗೇಮುಗಳ ವಿಷಯ ಬೇರೆ. ವಿಂಡೋಸ್‌ನಲ್ಲಿ 5.1 ಅಂತ ಹೊಂದಿಸಿದ್ದರೆ, ಗೇಮಿನ ಒಳಗೂ ಹೆಡ್‌ಫೋನ್ ಅಂತ ಇರುವುದನ್ನು ಸರೌಂಡ್ ಅಂತ ಬದಲಿಸಿದರೆ, ಬಹಳಷ್ಟು ಗೇಮುಗಳು ಆರೂ ಚಾನೆಲ್ಲಿಗೆ ಅಲ್ಲಿಯೇ ಲೆಕ್ಕಹಾಕಿ ಸದ್ದು ಕೊಡುತ್ತವೆ. ಕಂಪ್ಯೂಟರಿಗೆ ಸರೌಂಡ್ ಹಾಕುವುದರಲ್ಲಿ ಗಟ್ಟಿ ಲಾಭ ಇರುವುದು ಇಲ್ಲಿಯೇ ಅಂತ ನನ್ನ ಅಭಿಪ್ರಾಯ. ನನ್ನ ಬಳಿ ಇದ್ದ ಸಿನಿಮಾಗಳಲ್ಲಿ ಅರ್ಧಕ್ಕಿಂತ ಹೆಚ್ಚು 5.1 ಇದ್ದವು, ಗೇಮು ಇದ್ದೇ ಇದೆ. ಹಾಗಾಗಿ ಮುಂದುವರಿದೆ.

ಎರಡನೆಯದು ಕಂಪ್ಯೂಟರಿನ ಬೆನ್ನು. ನನ್ನದು ಡೆಸ್ಕ್‌ಟಾಪ್. ಮದರ್‌ಬೋರ್ಡಿನ ಹಿಂದೆ ಬಣ್ಣಬಣ್ಣದ ತೂತುಗಳಿರುತ್ತವೆ: ಹಸಿರು ಮುಂದಿನ ಎರಡು ಸ್ಪೀಕರ್‌ಗೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ನಡುವಿನದಕ್ಕೂ ಸಬ್‌ವೂಫರ್‌ಗೂ (ತಗ್ಗಿನ ಸದ್ದಿನ ದೊಡ್ಡ ಡಬ್ಬಿ). ಒಂದೊಂದು ಪಿನ್ನಿನಲ್ಲಿ ಎರಡೆರಡು ಚಾನೆಲ್, ಮೂರು ಪಿನ್ನಿಗೆ ಆರು. ಕೆಲವು ಬೋರ್ಡುಗಳಲ್ಲಿ ಹಸಿರು, ನೀಲಿ, ಗುಲಾಬಿ ಮೂರೇ ಇರುತ್ತವೆ. ಅದನ್ನು ನೋಡಿ ಹೆದರಬೇಕಿಲ್ಲ. ಬೋರ್ಡಿನ ಸೌಂಡ್ ಚಿಪ್ಪಿನ ಜೊತೆ ಬರುವ ರಿಯಲ್‌ಟೆಕ್‌ನ ತಂತ್ರಾಂಶದಲ್ಲಿ 5.1 ಆರಿಸಿದರೆ ನೀಲಿ ಹಿಂದಿನದಾಗುತ್ತದೆ, ಗುಲಾಬಿ ನಡು-ಸಬ್‌ವೂಫರ್ ಆಗುತ್ತದೆ. ಮೈಕನ್ನು ಆಗ ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಹಚ್ಚಿಕೊಂಡರಾಯಿತು. ಲ್ಯಾಪ್‌ಟಾಪ್ ಇದ್ದವರಿಗೆ ಇದು ಯಾವುದೂ ಇಲ್ಲ, ಒಂದೇ ತೂತು. ಅವರು ಆರು ಚಾನೆಲ್ಲಿನ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಇನ್ನು ಅಂಗಡಿ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕೇಳಿದರೆ 5.1 ಅಂತ ಬರೆದ ಡಬ್ಬಿಗಳ ಸಾಲೇ ಇತ್ತು. ಅಂಗಡಿಯವರು ಒಂದನ್ನು ಎತ್ತಿ ಮುಂದಿಟ್ಟರು.

"ಇದು ಒಯ್ರಿ ಸರ್, ಹತ್ತು ಸಾವಿರ ವಾಟ್ ಅದ. ಬ್ಲೂಟೂತ್ ಅದ, ಪೆನ್‌ಡ್ರೈವ್ ಅದ, ಎಫ್‌ಎಮ್ ಅದ. ಹಚ್ಚಿದ್ರ ಪೂರಾ ಗಲ್ಲಿ ಕೇಳ್ತದ."

"ಅದರ ಹಿಂದಿನ ಮಗ್ಗಲು ತೋರಸ್ರಿ."

"ಹಿಂದ ಏನ್ ನೋಡ್ತೀರಿ ಸರ್?"

"ವೈರ್ ಎಲ್ಲಿ ಹಚ್ಚೋದು ಅಂತ ನೋಡ್ತೀನ್ರಿ."

ಡಬ್ಬಿ ಬಿಚ್ಚಿ ತಿರುಗಿಸಿದರು. ಆರ್‌ಸಿಎ ಅನ್ನುವ ಕೆಂಪು, ಬಿಳಿ ಎರಡೇ ತೂತು. ಇದನ್ನು ಓದುವವರು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಬೇಕು ಅಂತ ನನ್ನ ವಿನಂತಿ. ಒಳಗೆ ಹೋಗುವ ದಾರಿಯೇ ಎರಡು ಚಾನೆಲ್ಲಿನದಾದರೆ ಹೊರಗೆ ಐದು ಸ್ಪೀಕರ್ ಇದ್ದು ಏನು ಪ್ರಯೋಜನ? ಮುಂದಿನ ಸ್ಪೀಕರಿನಲ್ಲಿ ಬಂದದ್ದೇ ಹಿಂದೆಯೂ ಬರುತ್ತದೆ. ಗೇಮಿನಲ್ಲಿ ಹಿಂದಿನಿಂದ ಬರುವವನು ನಾಲ್ಕೂ ಕಡೆಯಿಂದ ಬಂದಂತೆ ಕೇಳುತ್ತದೆ. ಬ್ಲೂಟೂತಿನದೂ ಅದೇ ಕತೆ, ಸ್ಪೀಕರಿಗೆ ಅದು ಕೊಂಡೊಯ್ಯುವುದು ಎರಡು ಚಾನೆಲ್. ಅದರ ಮೇಲೆ ಸದ್ದು ತುಸು ತಡವಾಗಿ ಬರುತ್ತದೆ; ಹಾಡಿಗೆ ಅಡ್ಡಿಯಿಲ್ಲ, ಗೇಮಿಗೆ ಆಗದು. ಕಂಪ್ಯೂಟರಿಗೆ ಬೇಕಾದದ್ದು ಮೂರು ಪಿನ್ನು ಒಳಹೋಗುವ ಸೆಟ್ಟು, ಇಲ್ಲವೇ ಹಿಂದೆ "5.1 ಇನ್‌ಪುಟ್" ಅಥವಾ "ಡಿವಿಡಿ ಇನ್‌ಪುಟ್" ಅಂತ ಆರು ಆರ್‌ಸಿಎ ತೂತು ಇರುವ ಸೆಟ್ಟು. ಎರಡನೆಯದಕ್ಕೆ, ಒಂದು ಕಡೆ ಕಂಪ್ಯೂಟರ್ ಪಿನ್ನು, ಇನ್ನೊಂದು ಕಡೆ ಎರಡು ಆರ್‌ಸಿಎ ಇರುವ ಕೇಬಲ್ ಮೂರು ಬೇಕು. ಅವು ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುತ್ತವೆ.

ಆಪ್ಟಿಕಲ್ ಇನ್‌ಪುಟ್, ಅಂದರೆ ಬೆಳಕಿನ ಕೇಬಲ್ಲಿನಲ್ಲಿ ಸದ್ದು ತಗೊಳ್ಳುವ ತೂತು, ಇರುವ ಸೆಟ್ಟುಗಳೂ ಇವೆ, ಬೆಲೆ ಹೆಚ್ಚು. ಅದರಲ್ಲಿ ಒಂದು ಸೂಕ್ಷ್ಮ ಇದೆ. ಆಪ್ಟಿಕಲ್ ಕೇಬಲ್ ಹೊರುವುದು ಒಂದೋ ಸಾದಾ ಎರಡು ಚಾನೆಲ್, ಇಲ್ಲವೇ ಡಾಲ್ಬಿ ಅಥವಾ ಡಿಟಿಎಸ್ ಆಗಿ ಸಂಕುಚಿಸಿದ 5.1. ಸಿನಿಮಾ ಕಡತದಲ್ಲಿ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಇದ್ದರೆ ಅದು ಮೊದಲೇ ಸಂಕುಚಿಸಿಕೊಂಡೇ ಇರುತ್ತದೆ, ಹಾಗೇ ದಾಟುತ್ತದೆ. ಗೇಮಿನಲ್ಲಿ ಸದ್ದು ಆ ಕ್ಷಣಕ್ಕೆ ಹುಟ್ಟುವುದು. ಅದನ್ನು ಅಲ್ಲಿಯೇ ಸಂಕುಚಿಸಲು ಡಾಲ್ಬಿ ಡಿಜಿಟಲ್ ಲೈವ್ ಅಥವಾ ಡಿಟಿಎಸ್ ಕನೆಕ್ಟ್ ಇರುವ ಸೌಂಡ್ ಕಾರ್ಡ್ ಬೇಕು. ಇಲ್ಲವಾದರೆ ಗೇಮು ಎರಡು ಚಾನೆಲ್ಲಿಗೆ ಬಂದು ನಿಲ್ಲುತ್ತದೆ. ಹಳೆ ಕಾಲದ್ದು ಅನ್ನಿಸಿದರೂ ಮೂರು ಪಿನ್ನಿನ ತಂತಿಯಲ್ಲಿ ಈ ತಾಪತ್ರಯ ಒಂದೂ ಇಲ್ಲ. ಎಚ್‌ಡಿಎಂಐ ರಿಸೀವರ್ ಹಾಕಿದರೆ ಎಂಟು ಚಾನೆಲ್ಲಿನವರೆಗೂ ಹೋಗಬಹುದು, ಆದರೆ ಅದು ಮೇಜಿನ ಮೇಲಿನ ಸಣ್ಣ ಸೆಟ್ಟಿನ ಮಾತಲ್ಲ.

ವಾಟಿನ ಬಗ್ಗೆ. ಹತ್ತು ಸಾವಿರ ಅನ್ನುವುದು ಪಿಎಂಪಿಒ, ಕ್ಷಣಮಾತ್ರದ ಗರಿಷ್ಠ ಅಂತ ಬರೆಯುವ ಅಂಕಿ. ಅದಕ್ಕೆ ಒಪ್ಪಿತವಾದ ಅಳತೆಯ ವಿಧಾನವೇ ಇಲ್ಲ, ಬರೆದವರು ಬರೆದಷ್ಟು. ನೋಡಬೇಕಾದದ್ದು ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವಾಟ್. ಒಂದು ಉದಾಹರಣೆ ಕೊಡುತ್ತೇನೆ: ಲಾಜಿಟೆಕ್‌ನ ಝಡ್506 ಅನ್ನುವ ಸಣ್ಣ ಸೆಟ್ಟಿನ ಆರ್‌ಎಂಎಸ್ 75 ವಾಟ್. ಅದರಲ್ಲಿ ಸಬ್‌ವೂಫರ್‌ಗೆ 27, ನಡುವಿನದಕ್ಕೆ 16, ಉಳಿದ ನಾಲ್ಕಕ್ಕೆ ತಲಾ 8. ಅದೇ ಕಂಪನಿಯ ಝಡ್906 500 ವಾಟ್. ಕಾಗದದ ಮೇಲೆ ಆರೇಳು ಪಟ್ಟು ಕಂಡರೂ ಕಿವಿಗೆ ಹಾಗೆ ಕೇಳುವುದಿಲ್ಲ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ (ಸದ್ದಿನ ಜೋರಿನ ಅಳತೆ). ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ನಾನು ಕೂರುವುದು ಸ್ಪೀಕರಿನಿಂದ 3 ಅಡಿ ದೂರದಲ್ಲಿ. ಅಲ್ಲಿ ಒಂದೆರಡು ವಾಟಿಗೇ ಮಾತು ಸ್ಪಷ್ಟವಾಗಿ, ಬೇಕಾದಷ್ಟು ಜೋರಾಗಿ ಕೇಳುತ್ತದೆ. ಹತ್ತು ಬೈ ಹನ್ನೆರಡರ ಖೋಲಿಗೆ 60ರಿಂದ 80 ವಾಟ್ ಆರ್‌ಎಂಎಸ್ ಸಾಕು ಅಂತ ನಿರ್ಧರಿಸಿ, ಮೂರು ಪಿನ್ನಿನ ಆ ಅಳತೆಯ ಸೆಟ್ಟನ್ನೇ ಹುಡುಕಿದೆ. ಇಲ್ಲಿ ಸಿಗದಿದ್ದರೆ ಹೈದರಾಬಾದಿಗೆ ಹೋದಾಗ ಕೋಠಿಯಲ್ಲಿ, ಇಲ್ಲವೇ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ನೋಡುವುದು ನಮ್ಮ ಕಡೆಯವರ ರೂಢಿ. ನನಗೆ ಊರಲ್ಲೇ ಸಿಕ್ಕಿತು. ಸ್ಪೀಕರ್ ಭಾರದ ಸಾಮಾನು. ಕೆಟ್ಟರೆ ಹೊತ್ತುಕೊಂಡು ಹೋಗಬೇಕಲ್ಲ, ಬೆಲೆ ತುಸು ಹೆಚ್ಚಾದರೂ ಊರಲ್ಲಿ ತಗೊಳ್ಳುವುದೇ ವಾಸಿ.

ಈಗ ನನಗೆ ಬಹಳ ಪ್ರೀತಿಯ ಭಾಗಕ್ಕೆ ಬಂದೆ, ಜೋಡಿಸುವುದು.

5.1ಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಒಂದು ಶಿಫಾರಸು ಇದೆ, ಬಿಎಸ್ 775 ಅಂತ. ಕೇಳುವವನ ಮೂಗಿನ ನೇರಕ್ಕೆ ನಡುವಿನ ಸ್ಪೀಕರ್. ಅದರಿಂದ 30 ಡಿಗ್ರಿ ಎಡಕ್ಕೆ, 30 ಡಿಗ್ರಿ ಬಲಕ್ಕೆ ಮುಂದಿನ ಎರಡು. ಹಿಂದಿನವು 100ರಿಂದ 120 ಡಿಗ್ರಿಯೊಳಗೆ. ಈ ಕಡೆಯ ಅಂಕಿಯನ್ನು ಗಮನಿಸಿ. ಹಿಂದಿನ ಸ್ಪೀಕರ್ ಅಂದ ಕೂಡಲೇ ಎಲ್ಲರೂ ಬೆನ್ನ ಹಿಂದಿನ ಗೋಡೆಗೆ ಮೊಳೆ ಹೊಡೆಯುತ್ತಾರೆ. 110 ಡಿಗ್ರಿ ಅಂದರೆ ಬೆನ್ನ ಹಿಂದೆ ಅಲ್ಲ, ಕಿವಿಗಿಂತ ತುಸು ಹಿಂದೆ, ಪಕ್ಕದ ಗೋಡೆಯಲ್ಲಿ. ಇದು ತಿಳಿದ ಕ್ಷಣ ನನ್ನ ಖೋಲಿಯ ಸಮಸ್ಯೆ ಕರಗಿತು. ಹಿಂದಿನ ಗೋಡೆಯಲ್ಲಿ ಬಾಗಿಲಿದೆ, ಪಕ್ಕದ ಗೋಡೆಗಳು, ಎಡಗಡೆಯ ತಿಜೋರಿ ಒಂದು ಬಿಟ್ಟರೆ, ಖಾಲಿ ಇದ್ದವು.

ಕೋನ ಅಳೆಯಲು ನಮ್ಮ ಫರಸಿ ಕೈಹಿಡಿಯಿತು. ನಮ್ಮ ಮನೆಯ ಕಲ್ಲುಗಳು 2 ಅಡಿ ಚೌಕದವು, ಸಾಲಾಗಿ ಹಾಸಿದ್ದು. ನೆಲವೇ ಗ್ರಾಫ್ ಹಾಳೆ ಇದ್ದಂತೆ. ಖೋಲಿಯ ಅಗಲದಲ್ಲಿ ಐದು ಕಲ್ಲು. ನಡುವಿನ ಕಲ್ಲಿನ ಮಧ್ಯಕ್ಕೆ ಕುರ್ಚಿ. ತಲೆಯಿಂದ ಪಕ್ಕದ ಗೋಡೆ ಎರಡೂ ಕಡೆ 5 ಅಡಿ. ಕಿವಿಯ ಗೆರೆಯಿಂದ ಒಂದು ಕಲ್ಲು, ಅಂದರೆ 2 ಅಡಿ ಹಿಂದಕ್ಕೆ ಸರಿದು ಗೋಡೆ ಮುಟ್ಟಿದರೆ ಕೋನ ಸುಮಾರು 112 ಡಿಗ್ರಿ. ಅಲ್ಲಿಯೇ ಬ್ರಾಕೆಟ್ ಹಾಕಿಸಿದೆ, ಕಿವಿಗಿಂತ ಒಂದಡಿ ಮೇಲೆ. ಎಡಗಡೆಯ ತಿಜೋರಿಯನ್ನು ಒಂದು ಕಲ್ಲಿನಷ್ಟು ಹಿಂದಕ್ಕೆ ಜರುಗಿಸಬೇಕಾಯಿತು. "ಸ್ಪೀಕರ್ ಸಲುವಾಗಿ ತಿಜೋರಿ ಜರಗಸ್ತೀರೇನ್ರಿ?" ಅಂತ ಮನೆಯವಳು ಕೇಳಿದಳು. ಜರುಗಿಸಿದ ಮೇಲೆ ಅದರ ಬಾಗಿಲು ಪೂರಾ ತೆರೆಯಲು ಜಾಗವಾಯಿತು, ಅವಳಿಗೂ ಸಮಾಧಾನ.

ಮುಂದಿನವುಗಳಿಗೆ ದಾರದ ಲೆಕ್ಕ ಸಾಕು. ಎಡ-ಬಲ ಸ್ಪೀಕರ್ ನಡುವಿನ ದೂರ, ಅವುಗಳಿಂದ ತಲೆಗೆ ಇರುವ ದೂರ, ಮೂರೂ ಒಂದೇ ಆದರೆ 30 ಡಿಗ್ರಿ ತಾನಾಗಿ ಬರುತ್ತದೆ. 3 ಅಡಿಯ ದಾರ ಹಿಡಿದು ಮೂರೂ ಬದಿ ಸರಿಮಾಡಿದೆ. ಮೇಜಿನ ಮೇಲೆ ಹಾಗೇ ಇಟ್ಟರೆ ಸಣ್ಣ ಸ್ಪೀಕರ್ ಎದೆಯ ಮಟ್ಟಕ್ಕೆ ಬರುತ್ತದೆ, ಮೇಜಿನ ಹಲಗೆಗೆ ಬಡಿದು ಬರುವ ಸದ್ದು ಜೊತೆಗೆ ಸೇರುತ್ತದೆ. ಕೆಳಗೆ ಮರದ ತುಂಡು ಕೊಟ್ಟು ಕಿವಿಯ ಮಟ್ಟಕ್ಕೆ ಎತ್ತಿದ ಮೇಲೆ ಮಾತು ತಿಳಿಯಾಯಿತು. ನಡುವಿನದು ಮಾನಿಟರಿನ ಕೆಳಗೆ, ಮುಖ ತುಸು ಮೇಲಕ್ಕೆ ವಾಲಿಸಿ. ಸಿನಿಮಾದ ಸಂಭಾಷಣೆ ಬಹುತೇಕ ಇದರಲ್ಲೇ ಬರುವುದರಿಂದ ಇದನ್ನು ಮಾನಿಟರಿನ ಹಿಂದೆ ಅಡಗಿಸಿಡಬಾರದು.

ತಂತಿ ಅಳೆಯುವಾಗ ಜನ ನೇರ ದೂರ ಹಿಡಿಯುತ್ತಾರೆ. ತಂತಿ ಗಾಳಿಯಲ್ಲಿ ಹೋಗುವುದಿಲ್ಲ. ಮೇಜಿನ ಕೆಳಗಿನಿಂದ ಮೂಲೆಗೆ 5 ಅಡಿ, ಪಕ್ಕದ ಗೋಡೆಗುಂಟ ಮತ್ತೆ 5, ಮೇಲಕ್ಕೆ 5, ಒಟ್ಟು 15 ಅಡಿ. ಬಾಗು-ತಿರುವಿಗೆ ಒಂದೆರಡು ಅಡಿ ಹೆಚ್ಚಿಗೆ. ಅಂದರೆ 5 ಮೀಟರ್ ಮೇಲೆ. ಡಬ್ಬಿಯ ಮೇಲೆ ಹಿಂದಿನ ಸ್ಪೀಕರಿನ ತಂತಿ ಎಷ್ಟು ಮೀಟರ್ ಅಂತ ಬರೆದಿರುತ್ತದೆ, ಅದನ್ನು ತಗೊಳ್ಳುವ ಮುಂಚೆಯೇ ನೋಡಿ. ಕಡಿಮೆ ಬಿದ್ದರೆ ಸಾದಾ ಎರಡೆಳೆ ಸ್ಪೀಕರ್ ವೈರಿನಿಂದ ಉದ್ದ ಮಾಡಬಹುದು, ಕೂಡಿಸುವಾಗ ಎಳೆ ಅದಲುಬದಲಾಗಬಾರದು ಅಷ್ಟೇ. ಒಂದು ಸ್ಪೀಕರಿನ ಎಳೆ ತಿರುವುಮುರುವಾದರೆ ಸದ್ದು ನಿಲ್ಲುವುದಿಲ್ಲ, ಆದರೆ ಟೊಳ್ಳಾಗುತ್ತದೆ, ಎಲ್ಲಿಂದ ಬರುತ್ತಿದೆ ಅಂತ ಹಿಡಿಯಲಾಗುವುದಿಲ್ಲ. ನಾನು ಎಲೆಕ್ಟ್ರಿಷಿಯನ್ ಕಡೆಯಿಂದ ಸಣ್ಣ ಕೇಸಿಂಗ್ ಪಟ್ಟಿ ಹೊಡೆಸಿ ಗೋಡೆಗುಂಟ ತಂತಿ ಓಡಿಸಿದೆ. ಕಸ ಹೊಡೆಯುವವರಿಗೂ ತೊಂದರೆಯಿಲ್ಲ, ಇಲಿ ಕಡಿಯುವ ಭಯವೂ ಕಡಿಮೆ.

ಸಬ್‌ವೂಫರ್ ಬಗ್ಗೆ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ: ತಗ್ಗಿನ ಸದ್ದಿಗೆ ದಿಕ್ಕಿಲ್ಲ, ಎಲ್ಲಿ ಬೇಕಾದರೂ ಇಡಬಹುದು ಅಂತ. ದೊಡ್ಡ ಸೆಟ್ಟುಗಳಲ್ಲಿ 80 ಹರ್ಟ್ಸ್ ಕೆಳಗೆ ಕೆಲಸ ಮಾಡುವ ಸಬ್‌ವೂಫರ್‌ಗೆ ಅದು ನಿಜ. ಸಣ್ಣ ಸೆಟ್ಟಿಗೆ ನಿಜವಲ್ಲ. ಎರಡೂವರೆ ಮೂರು ಇಂಚಿನ ಸ್ಪೀಕರ್‌ಗಳು ಅಷ್ಟು ಕೆಳಗೆ ಇಳಿಯಲಾರವು. ಅವು ಬಿಟ್ಟದ್ದನ್ನೆಲ್ಲ ಸಬ್‌ವೂಫರ್ ಎತ್ತಿಕೊಳ್ಳುತ್ತದೆ, 120-150 ಹರ್ಟ್ಸ್‌ವರೆಗೂ. ಗಂಡಸರ ದನಿಯ ಮೂಲ ಸ್ವರ ಇರುವುದು ಸುಮಾರು 85ರಿಂದ 180 ಹರ್ಟ್ಸ್‌ನಲ್ಲಿ. ಹೀಗಾಗಿ ಸಣ್ಣ ಸೆಟ್ಟಿನ ಸಬ್‌ವೂಫರನ್ನು ಮಂಚದ ಕೆಳಗೆ ಇಟ್ಟರೆ ನಾಯಕನ ಮಾತಿನ ಬುಡ ಮಂಚದ ಕೆಳಗಿನಿಂದ ಬರುತ್ತದೆ. ಇದು ಮುಂದೆಯೇ ಇರಬೇಕು, ಆದಷ್ಟು ನಡುವಿಗೆ.

ನಡು ಅನ್ನುವುದಕ್ಕೆ ಇನ್ನೊಂದು ಕಾರಣ ಖೋಲಿಯದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರಿನ ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಅದನ್ನು ಭಾಗಿಸಿದರೆ ಯಾವ ಸ್ವರದಲ್ಲಿ ಖೋಲಿ ತಾನೇ ಗುಂಯ್‌ಗುಡುತ್ತದೆ ಅಂತ ಸಿಗುತ್ತದೆ. 12 ಅಡಿಗೆ ಸುಮಾರು 47 ಹರ್ಟ್ಸ್. 10 ಅಡಿಗೆ ಸುಮಾರು 56. ನನ್ನ ಖೋಲಿಯ ಅಗಲವೂ ಎತ್ತರವೂ 10 ಅಡಿಯೇ ಆದ್ದರಿಂದ 56 ಎರಡು ಸಲ ಬರುತ್ತದೆ. (ಮೇ ತಿಂಗಳ 42 ಡಿಗ್ರಿಯಲ್ಲಿ ಸದ್ದಿನ ವೇಗ 356 ಮೀಟರಿಗೆ ಏರಿ ಅದು 58 ಆಗುತ್ತದೆ, ಕಿವಿಗೆ ವ್ಯತ್ಯಾಸ ತಿಳಿಯದು.) ಸಬ್‌ವೂಫರನ್ನು ಮೂಲೆಗೆ ತಳ್ಳಿದರೆ ಈ ಗುಂಯ್‌ಗಾಟ ಎಲ್ಲಕ್ಕಿಂತ ಜಾಸ್ತಿ. ಅಗಲದ ನಟ್ಟನಡುವೆ ಇಟ್ಟರೆ ಅಗಲದಿಂದ ಬರುವ ಗುಂಯ್‌ಗಾಟ ಏಳುವುದೇ ಇಲ್ಲ, ಅನ್ನುವಷ್ಟು ಕಡಿಮೆ. ಮೇಜಿನ ಕೆಳಗೆ, ಕಾಲು ಚಾಚಲು ಅಡ್ಡಿಯಾಗದಷ್ಟು ಬಲಕ್ಕೆ ಸರಿಸಿ ಇಟ್ಟೆ. 40ರಿಂದ 120 ಹರ್ಟ್ಸ್‌ವರೆಗೆ ಮೆಲ್ಲಗೆ ಏರುವ ಪರೀಕ್ಷೆಯ ಸ್ವರವನ್ನು ಮೂಲೆಯಲ್ಲಿಟ್ಟು ಒಮ್ಮೆ, ಇಲ್ಲಿಟ್ಟು ಒಮ್ಮೆ ನುಡಿಸಿ ಕೇಳಿದೆ. ಮೂಲೆಯಲ್ಲಿದ್ದಾಗ ಒಂದು ಕಡೆ ಸದ್ದು ಉಬ್ಬಿ ಎದೆಗೆ ಒತ್ತುತ್ತಿತ್ತು. ಇಲ್ಲಿ ಏರಿಳಿತ ಹೆಚ್ಚುಕಡಿಮೆ ಒಂದೇ ಸಮ. ಅದೇ ಪರೀಕ್ಷೆಯಲ್ಲಿ ತಿಜೋರಿಯ ಬಾಗಿಲು ಗಡಗಡ ಅನ್ನುವುದೂ ಸಿಕ್ಕಿತು. ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಸಬ್‌ವೂಫರಿನ ಕೆಳಗೂ ದಪ್ಪ ರಬ್ಬರ್ ಕೊಟ್ಟೆ, ಬರಿ ಕಲ್ಲಿನ ಮೇಲೆ ಅದು ನಡುಗುತ್ತದೆ.

ಮೇಲಿನ ಸ್ವರಗಳ ಕತೆ ಬೇರೆ. ಶಹಾಬಾದ್ ಕಲ್ಲು ಅಂದರೆ ಗಟ್ಟಿ ಸುಣ್ಣಕಲ್ಲು. ಮೇಲೆ ಬಿದ್ದ ಸದ್ದನ್ನು ಹಾಗೇ ವಾಪಸು ಕಳಿಸುತ್ತದೆ. ಗಿಲಾವು, ಛತ್ತು ಕೂಡ ಹಾಗೇ. ಬೇಸಿಗೆಯಲ್ಲಿ ಕಾಲಿಗೆ ತಂಪಾಗಿರುವ ಈ ನೆಲ ಕಿವಿಗೆ ಒರಟು. ಖೋಲಿಯ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಹಿಂದೆ ಝಿಂಯ್ ಅಂತ ಒಂದು ಬಾಲ ಉಳಿಯುತ್ತದಲ್ಲ, ಸಂಭಾಷಣೆಯ ಸ್ಪಷ್ಟತೆಯನ್ನು ತಿನ್ನುವುದು ಅದೇ. ದುಬಾರಿ ಫೋಮ್ ಹಲಗೆ ಬೇಕಿಲ್ಲ. ಮೇಜಿಗೂ ಕುರ್ಚಿಗೂ ನಡುವೆ, ಕುರ್ಚಿಯ ಹಿಂದೆ ಜಮಖಾನೆ ಹಾಸಿದೆ. ಮಂಚದ ಮೇಲೆ ಹತ್ತಿಯ ಗಾದಿ ಮೊದಲೇ ಇತ್ತು. ಹಿಂದಿನ ಗೋಡೆಗೆ ಅವ್ವ ಹೊಲಿದ ದಪ್ಪ ಕೌದಿಯನ್ನು, ಗೋಡೆಯಿಂದ ಮೂರು ನಾಲ್ಕು ಬೆರಳು ಅಂತರ ಬಿಟ್ಟು ತೂಗುಹಾಕಿದೆ. ಅಂತರ ಬಿಟ್ಟರೆ ಕೌದಿ ಇನ್ನೂ ಕೆಳಗಿನ ಸ್ವರದವರೆಗೆ ಹೀರಿಕೊಳ್ಳುತ್ತದೆ. ಮತ್ತೆ ಚಪ್ಪಾಳೆ ತಟ್ಟಿದಾಗ ಆ ಬಾಲ ಇಲ್ಲ. ಇದಕ್ಕೆ ಖರ್ಚು ಒಂದು ರೂಪಾಯಿಯೂ ಆಗಲಿಲ್ಲ, ಬದಲಾದದ್ದು ಸ್ಪೀಕರ್ ಬದಲಿಸಿದಷ್ಟು. ತಗ್ಗಿನ ಗುಂಯ್‌ಗಾಟಕ್ಕೆ ಮಾತ್ರ ಕೌದಿ ಸಾಲದು, ಅದಕ್ಕೆ ಜಾಗ ಬದಲಿಸುವುದೇ ಮದ್ದು.

ವಿಂಡೋಸ್‌ನಲ್ಲಿ ಧ್ವನಿಯ ಸೆಟ್ಟಿಂಗ್‌ಗೆ ಹೋಗಿ, ಸ್ಪೀಕರ್ ಆರಿಸಿ, ಕಾನ್ಫಿಗರ್ ಒತ್ತಿ, 5.1 ಅಂತ ಗುರುತು ಮಾಡಿ ಒಂದೊಂದೇ ಸ್ಪೀಕರ್ ಒತ್ತಿ ಪರೀಕ್ಷಿಸಿದೆ. ನಡುವಿನದನ್ನು ಒತ್ತಿದಾಗ ಸಬ್‌ವೂಫರಿನಲ್ಲಿ ಸದ್ದು ಬಂದರೆ ಕಿತ್ತಳೆ ಪಿನ್ನಿನ ಎರಡು ಚಾನೆಲ್ ಅದಲುಬದಲಾಗಿವೆ ಅಂತ ಅರ್ಥ. ರಿಯಲ್‌ಟೆಕ್ ತಂತ್ರಾಂಶದಲ್ಲಿ ಅದನ್ನು ತಿರುಗಿಸುವ ಗುಂಡಿ ಇದೆ, ಪಿನ್ನು ಕೀಳಬೇಕಿಲ್ಲ. ಆಮೇಲೆ ಮಟ್ಟ. ಮುಂದಿನವು ತಲೆಯಿಂದ 3 ಅಡಿ, ಹಿಂದಿನವು ಲೆಕ್ಕಹಾಕಿದರೆ ಸುಮಾರು 5.4 ಅಡಿ. ಬಯಲಿನಲ್ಲಾದರೆ ಇಷ್ಟು ದೂರಕ್ಕೆ 5 ಡೆಸಿಬೆಲ್ ಇಳಿಯುತ್ತದೆ, ಖೋಲಿಯಲ್ಲಿ ಅದಕ್ಕಿಂತ ಕಡಿಮೆ. ಮೊಬೈಲಿನಲ್ಲಿ ಸದ್ದಿನ ಮಟ್ಟ ತೋರಿಸುವ ಆಪ್ ಹಾಕಿಕೊಂಡು, ಕುರ್ಚಿಯಲ್ಲಿ ತಲೆ ಇರುವ ಜಾಗಕ್ಕೆ ಹಿಡಿದು, ಒಂದೇ ಬಗೆಯ ಸುಯ್ ಸದ್ದನ್ನು ಒಂದೊಂದೇ ಸ್ಪೀಕರಿಗೆ ಕೊಟ್ಟು ಐದನ್ನೂ ಸಮ ಮಾಡಿದೆ. ಆಪ್ ತೋರಿಸುವ ಅಂಕಿ ಕರಾರುವಾಕ್ ಇರಬೇಕಿಲ್ಲ, ಐದೂ ಒಂದೇ ತೋರಿಸಿದರೆ ಆಯಿತು. ಪ್ರತಿ ಚಾನೆಲ್ಲಿನ ಮಟ್ಟ ಬದಲಿಸಲು ವಿಂಡೋಸ್‌ನ ಲೆವೆಲ್ಸ್ ಪುಟದಲ್ಲೇ ಬ್ಯಾಲೆನ್ಸ್ ಅಂತ ಇದೆ.

ಸಮಯವನ್ನೂ ಸರಿಮಾಡಬಹುದು. ಸದ್ದು ಒಂದು ಅಡಿಗೆ ಸುಮಾರು 0.9 ಮಿಲಿಸೆಕೆಂಡ್ ತಗೊಳ್ಳುತ್ತದೆ, ಹಿಂದಿನವು 2.4 ಅಡಿ ದೂರ ಇರುವುದರಿಂದ ಅವುಗಳ ಸದ್ದು ಸುಮಾರು 2 ಮಿಲಿಸೆಕೆಂಡ್ ತಡ. ಈಕ್ವಲೈಜರ್ ಎಪಿಒ ಅನ್ನುವ ಉಚಿತ ತಂತ್ರಾಂಶದಲ್ಲಿ ಮುಂದಿನ ಮೂರಕ್ಕೆ ಅಷ್ಟೇ ತಡ ಕೊಟ್ಟೆ. ಅಣ್ಣನ ಮಗ ಕಣ್ಣು ಮುಚ್ಚಿ ಕೂತು ಗೇಮಿನ ಸದ್ದು ಕೇಳಿ ಬೆರಳು ತೋರಿಸುತ್ತ ಹೋದ.

"ಕಾಕಾ, ಈಗ ಬಲಗಡಿ ಹಿಂದಿಂದ ಬರ್ಲತಾನ. ಈಗ ಮಗ್ಗಲಿಗೇ ಬಂದ ನೋಡ್ರಿ."

ಅಪ್ಪನ ಹಾಡಿನ ವಿಷಯ. ಎರಡು ಚಾನೆಲ್ಲಿನ ಹಾಡನ್ನು ಐದೂ ಸ್ಪೀಕರಿಗೆ ಹಂಚುವ ಗುಂಡಿ ಇಂಥ ಬಹಳಷ್ಟು ಸೆಟ್ಟುಗಳಲ್ಲಿ ಇರುತ್ತದೆ, ಕಂಪ್ಯೂಟರಿನಲ್ಲೂ ಇದೆ. ಒಮ್ಮೆ ಹಚ್ಚಿ ಕೇಳಿಸಿದೆ. ಅಪ್ಪ ಸ್ವಲ್ಪ ಹೊತ್ತು ಕೇಳಿ ಅಂದರು:

"ಹಾಡವರು ಮುಂದ ಕುಂತಾರ, ತಬಲಾ ಯಾಕ ನನ್ನ ಬೆನ್ನ ಹಿಂದ ಬಾರಸ್ಲತಾರ? ಮೊದಲಿನಂಗ ಮಾಡು ತಮ್ಮಾ."

ಅವರ ಮಾತು ನೂರಕ್ಕೆ ನೂರು ಸರಿ. ಎರಡು ಚಾನೆಲ್ಲಿಗೆ ಧ್ವನಿಮುದ್ರಿಸಿದ್ದನ್ನು ಎರಡರಲ್ಲೇ ಕೇಳಬೇಕು. ಬೆಳಗ್ಗೆ ಒಂದು ಗುಂಡಿ ಒತ್ತಿದರೆ ಸೆಟ್ಟು ಸಾದಾ ಸ್ಟೀರಿಯೊಗೆ ಬರುವಂತೆ ಮಾಡಿಟ್ಟಿದ್ದೇನೆ, ಸಬ್‌ವೂಫರಿನ ಗುಂಡಿಯೂ ಆಗ ಅರ್ಧಕ್ಕಿಂತ ಕೆಳಗೆ. ಇನ್ನೂ ಒಂದು ಮಾತು ಒಪ್ಪಬೇಕು: ಬರೀ ಸಂಗೀತಕ್ಕಾದರೆ ಇದೇ ದುಡ್ಡಿಗೆ ನಾಲ್ಕು ಇಂಚಿನ ಎರಡು ಒಳ್ಳೆ ಸ್ಪೀಕರ್ ಇದಕ್ಕಿಂತ ಮೇಲು. ಆರು ಡಬ್ಬಿಗೆ ಹಂಚಿಹೋಗುವ ದುಡ್ಡು ಎರಡಕ್ಕೇ ಸಿಗುತ್ತದಲ್ಲ.

ಕರೆಂಟಿನ ಕಡೆ ಎರಡು ಎಚ್ಚರ. ಕಂಪ್ಯೂಟರ್ ಒಂದು ಪ್ಲಗ್ಗಿಗೆ, ಸ್ಪೀಕರ್ ಖೋಲಿಯ ಇನ್ನೊಂದು ಮೂಲೆಯ ಪ್ಲಗ್ಗಿಗೆ ಹಚ್ಚಿದರೆ ಹಲವು ಮನೆಗಳಲ್ಲಿ ಸಣ್ಣಗೆ ಒಂದು ಹಮ್ಮಿಂಗ್ ಬರುತ್ತದೆ, 50 ಹರ್ಟ್ಸ್‌ನದು. ಎರಡನ್ನೂ ಒಂದೇ ಬೋರ್ಡಿಗೆ ಹಚ್ಚಿದರೆ ಹೆಚ್ಚಿನ ಸಲ ಹೋಗುತ್ತದೆ; ಹೋಗದಿದ್ದರೆ ಅರ್ಥಿಂಗ್ ನೋಡಿಸಬೇಕು. ಎರಡನೆಯದು, ವೋಲ್ಟೇಜ್ ಏರಿಳಿಯುವ ಹೊತ್ತಿನಲ್ಲಿ, ಕರೆಂಟ್ ಹೋಗಿ ಬರುವಾಗ ಸ್ಪೀಕರಿನ ಸ್ವಿಚ್ ಬಂದ್ ಇರಲಿ. ಯುಪಿಎಸ್ ಮೇಲೆ ಸಬ್‌ವೂಫರ್ ಹಾಕಿ ಅದರ ಬ್ಯಾಟರಿ ತಿನ್ನಿಸುವ ಅಗತ್ಯವಿಲ್ಲ.

ಇಲ್ಲಿನ ಬೇಸಿಗೆಗೆ ಬೇರೆಯೇ ಒಂದು ಹೊಂದಾಣಿಕೆ ಬೇಕಾಗುತ್ತದೆ. ಮಾರ್ಚ್ ದಾಟಿದರೆ ಕೂಲರ್ ಇಲ್ಲದೆ ಖೋಲಿಯಲ್ಲಿ ಕೂರಲಾಗುವುದಿಲ್ಲ. ಕೂಲರಿನ ಹೋ ಅನ್ನುವ ಸದ್ದು ಹಿಂದಿನ ಸ್ಪೀಕರ್‌ಗಳ ಸಣ್ಣ ಸದ್ದುಗಳನ್ನೆಲ್ಲ ನುಂಗುತ್ತದೆ. ಮಳೆ, ಎಲೆ, ಹೆಜ್ಜೆ ಯಾವುದೂ ಕೇಳದು. ಪೂರಾ ವಾಲ್ಯೂಮ್ ಏರಿಸಿದರೆ ಗುಂಡಿನ ಸದ್ದಿಗೆ ಮಲಗಿದವರು ಎದ್ದು ಕೂರುತ್ತಾರೆ. ಹಾಗಾಗಿ ಈಕ್ವಲೈಜರ್ ಎಪಿಒದಲ್ಲಿ ಎರಡು ಹೊಂದಿಕೆ ಉಳಿಸಿಟ್ಟಿದ್ದೇನೆ: ಒಂದು ಚಳಿಗಾಲ-ಮಳೆಗಾಲಕ್ಕೆ, ಸಮ ಮಟ್ಟದ್ದು. ಇನ್ನೊಂದು ಕೂಲರ್ ಓಡುವ ದಿನಗಳಿಗೆ, ನಡುವಿನದು ಮತ್ತು ಹಿಂದಿನವು ಮೂರು ಡೆಸಿಬೆಲ್ ಮೇಲೆ, ಸಬ್‌ವೂಫರ್ ಎರಡು ಕೆಳಗೆ. ಅದರ ಜೊತೆ ವಿಎಲ್‌ಸಿಯಲ್ಲಿ ಜೋರು-ಮೆದು ಸದ್ದಿನ ಅಂತರ ತಗ್ಗಿಸುವ ಕಂಪ್ರೆಸರ್ ಹಾಕುತ್ತೇನೆ. ಕೂಲರನ್ನು ಖೋಲಿಯ ಒಳಗಿಡುವ ಬದಲು ಕಿಟಕಿಯ ಹೊರಗೆ ಸ್ಟ್ಯಾಂಡಿನ ಮೇಲೆ ಕೂರಿಸಿದ್ದರಿಂದಲೂ ಫರಕು ಬಿತ್ತು.

ಜೇವರ್ಗಿ ರಸ್ತೆಯ ಕಡೆ ಇರುವ ಒಬ್ಬ ಗೆಳೆಯ ಇದನ್ನೆಲ್ಲ ಕೇಳಿಕೊಂಡು ಹೋಗಿ ತನ್ನ ಮನೆಯ ಅಳತೆ ತಂದ. ಅವನ ಕಂಪ್ಯೂಟರ್ ಹಾಲಿನ ಮೂಲೆಯಲ್ಲಿದೆ. ಎಡಕ್ಕೆ ಗೋಡೆ, ಬಲಕ್ಕೆ ಹನ್ನೆರಡು ಅಡಿ ಬಯಲು, ಹಿಂದೆ ಅಡುಗೆಮನೆಗೆ ಹೋಗುವ ದಾರಿ. ಬಲಗಡೆ ಹಿಂದಿನ ಸ್ಪೀಕರಿಗೆ ಗೋಡೆಯೇ ಇಲ್ಲ. ಸ್ಟ್ಯಾಂಡ್ ಇಟ್ಟರೆ ಓಡಾಡುವ ಮಕ್ಕಳ ಕಾಲಿಗೆ ಸಿಗುತ್ತದೆ. ಅವನಿಗೆ 5.1 ಬೇಡ ಅಂದೆ. ಎರಡು ಒಳ್ಳೆ ಸ್ಪೀಕರ್ ತಗೊಂಡು, ಮಗ ಗೇಮ್ ಆಡುವಾಗ ಹೆಡ್‌ಫೋನ್ ಕೊಡು, ಮೇಜು ಬೇರೆ ಖೋಲಿಗೆ ಹೋದ ದಿನ ಮತ್ತೆ ಅಳೆಯೋಣ ಅಂದೆ. ಅವನು ಹಾಗೇ ಮಾಡಿದ.